ಸೀರೆಯ ಬೆನ್ನು

ಬೆಟಗೇರಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ
ಸಂಜೆ ಏಳರ ಇಂಗ್ಲಿಷ್ ಕ್ಲಾಸು. ಹನ್ನೊಂದು ವರ್ಷದಿಂದ ನಾನೇ ಮಾಸ್ತರ.
ಆ ದಿನ ಬೋರ್ಡಿನ ಮೇಲೆ ಬರೆದದ್ದು:
ಇಮ್ಯಾಜಿನ್. ಪಿಕ್ಚರ್. ಫ್ಯಾನ್ಸಿ. ಕನ್ಸೀವ್. ವಿಶುವಲೈಸ್.

ಕೊನೆಯದೊಂದಕ್ಕಾಗಿಯೇ ಬಂದು ಸೇರಿದವರು ಪರಶುರಾಮಸಾ ಕಠಾರೆ.
ಅರವತ್ತಕ್ಕೆ ಎರಡು ಕಡಿಮೆ, ಮನೆಯಲ್ಲಿ ಎರಡು ಮಗ್ಗ.
ಮುಂಬೈಯ ಮೇಡಂ ಒಬ್ಬಳು ಫೋನಿನಲ್ಲಿ
ಒಡಲಿನ ಬಣ್ಣ ಹೇಳಿ, ದಡಿ ಹೇಳಿ, ಸೆರಗಿಗೊಂದು ನವಿಲು ಹೇಳಿ
‘ಕ್ಯಾನ್ ಯು ವಿಶುವಲೈಸ್?’ ಎಂದಳಂತೆ.
‘ಎಸ್ ಅಂದ್ನಿರಿ ಸರ. ಅಂದಮ್ಯಾಲ ಅಂಜಿಕಿ ಬಂತು,
ಏನಕ್ಕ ಒಪ್ಪಿಕೊಂಡ್ನೋ ಏನೋ.’

ಪಿಕ್ಚರ್ ಎಲ್ಲರಿಗೂ ಗೊತ್ತಿತ್ತು: ಶುಕ್ರವಾರ ಬದಲಾಗುವುದು.
ಫ್ಯಾನ್ಸಿ ಎಂದರೆ ಸ್ಟೋರ್ಸು; ಬಳೆ, ಟಿಕಳಿ, ರಿಬ್ಬನ್ನು.
ಕನ್ಸೀವಿಗೆ ಸಿಸ್ಟರ್ ಮಾಬುನ್ನಿ ನಕ್ಕಳು,
‘ಅದು ನಮ್ಮ ವಾರ್ಡಿನ್ಯಾಗ ಇರ್ತೈತ್ರಿ ಸರ, ಬೋರ್ಡಿನ ಮ್ಯಾಲಲ್ಲ.’
ಇಮ್ಯಾಜಿನ್ನಿಗೆ ನಾನು, ಮನಸಿನಾಗ ಮಂಡಿಗಿ ತಿಂದಂಗ, ಎಂದೆ.
‘ತುಪ್ಪ ಹಚ್ಚಿದ್ದೋ, ಹಚ್ಚಲಾರದ್ದೋ?’
ಹಿಂದಿನ ಬೆಂಚಿನಿಂದ ಕಂಡಕ್ಟರ್ ಸೋಮಲಿಂಗ.

ಐದನೆಯದಕ್ಕೆ ನನ್ನ ಹಳೆಯ ಪಾಠ.
‘ಕಣ್ಣು ಮುಚ್ಚರಿ. ಒಂದು ಲಿಂಬಿಹಣ್ಣು. ಕಂಡಿತೇನು?’
ಮಾಬುನ್ನಿಗೆ ಕಂಡಿತು, ತೊಟ್ಟಿನ ಹತ್ತಿರದ ಕಂದು ಕಲೆ ಸಹಿತ.
ಸೋಮಲಿಂಗನದು ಟಾಂಗಾಕೂಟದ ಗಾಡಿಯ ಮೇಲಿತ್ತು,
ಗುಂಪೆಯ ತುದಿಗೆ, ಉರುಳಲು ತಯಾರಾಗಿ.
‘ಸರ, ನಿಮ್ಮದು ಎಂಥಾದು?’

ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ.
ಮುಚ್ಚಿದೆ.
ಕರೆಂಟು ಹೋದ ಖೋಲಿ. ಅದರಾಚೆ ಇನ್ನೊಂದು, ಅದಕ್ಕೂ ಕರೆಂಟಿಲ್ಲ.
ಲಿಂಬೆ ಎಂಬ ಮಾತಿತ್ತು. ಹುಳಿ ಎಂಬ ಮಾತಿತ್ತು.
ಹಣ್ಣಿರಲಿಲ್ಲ.
ಕಣ್ಣಿಗೆ ಕಟ್ಟಿದಂತೆ ಎಂಬುದು
ಹೊಟ್ಟೆಯಲ್ಲಿ ಬೆಂಕಿ ಎಂದ ಹಾಗೆ
ಮಾತಿಗೆ ಅಂದದ್ದು ಎಂದೇ ನಂಬಿದ್ದೆ.
ಇವರಿಗೆಲ್ಲ ನಿಜವಾಗಿ ಕಾಣುತ್ತದೆಯೆ?

ಉಳಿದವರು ಇಳಿದು ಹೋದ ಮೇಲೆ ಕಠಾರೆಯವರಿಗೆ ಹೇಳಿದೆ.
ಲಿಂಬೆ ಹಾಳಾಗಲಿ.
ಅಪ್ಪ ತೀರಿ ಮೂರು ವರ್ಷ, ಮುಖ ಬರುವುದಿಲ್ಲ.
ಎಡ ಹುಬ್ಬಿನ ಮೇಲೆ ನರೂಲಿ, ಗೊತ್ತು.
ನಶ್ಯದ ಡಬ್ಬಿ ತೆರೆವಾಗಿನ ಟಿಕ್, ಗೊತ್ತು.
ಸಿಟ್ಟಿಗೆ ಮುಂಚೆ ಗಂಟಲು ಸರಿಮಾಡುತ್ತಿದ್ದ, ಗೊತ್ತು.
ಯಾದಿ ಇದೆ, ಮುಖ ಇಲ್ಲ.
ಇಷ್ಟು ದಿನ ಅದನ್ನು ಮರೆವು ಎಂದುಕೊಂಡೆ,
ನನ್ನ ಪ್ರೀತಿಯಲ್ಲೇ ಏನೋ ತೂಕ ಕಡಿಮೆ ಎಂದು

ಅವರು ಚಪ್ಪಲಿ ಹುಡುಕುತ್ತಿದ್ದರು. ಒಂದು ಸಿಕ್ಕಿತ್ತು.
‘ಒಮ್ಮೆ ಮನಿಗೆ ಬರ್ರಿ ಸರ. ನೇಯೂಮುಂದ
ನಮಗ ಕಾಣೂದು ಸೀರಿ ಬೆನ್ನು. ಬರೇ ಗಂಟು, ತುಂಡು ಎಳಿ.
ಮಾರಿ ಕೆಳಗಿರ್ತೈತಿ, ನೆಲಾ ನೋಡಿಕೋತ.
ನಾ ಏನ್ ನೋಡಂಗಿಲ್ಲ, ಎಣಸ್ತೀನಿ.
ಆರು ಎತ್ತು, ಎರಡು ಬಿಡು, ಆರು ಎತ್ತು.
ಕೊಯ್ದು ಇಳಿಸಿದ ದಿನಾನ ನವಿಲು ನನಗೂ ಭೆಟ್ಟಿ ಆಗೂದು.’
ಎರಡನೆಯದು ಬೆಂಚಿನ ಕೆಳಗಿತ್ತು.

ಮೆಟ್ಟಿಲಿಳಿಯುವಾಗಲೇ ಮುಂಬೈಯ ಫೋನು.
ಮೇಲಿನಿಂದ ನನಗೆ ಕೇಳಿಸಿದ್ದು ಇಷ್ಟೇ:
‘ನೋ ಮೇಡಂ. ನೋ ವಿಶುವಲೈಸ್.
ಹೌ ಮೆನಿ ಥ್ರೆಡ್? ಯೂ ಟೆಲ್.’

ಬೋರ್ಡು ಒರೆಸಿ, ದೀಪ ಆರಿಸಿ
ಬಾಗಿಲಲ್ಲೇ ನಿಂತು ಎಣಿಸಿದೆ.
ನರೂಲಿ. ಟಿಕ್. ಗಂಟಲು.
ಇನ್ನೊಂದಿತ್ತು, ಯಾದಿಗೆ ಸೇರದೆ ಉಳಿದದ್ದು:
ಸೈಕಲ್ ಇಳಿಯುವಾಗ ಧೋತರದ ಚುಂಗು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ,
ಬಾಯಿ ತುಂಬ ಬಟ್ಟೆ,
ಹಾಗೆಯೇ ನನ್ನ ಹೆಸರು ಕೂಗುತ್ತಿದ್ದ.